ಔಷಧಿ ಬಾಟ್ಲಿಯ ಮೇಲಿನ ಮುಖ

ಡ್ರಾಯಿಂಗ್ ಮೇಷ್ಟ್ರು ಮನುಷ್ಯನ ಮೂಳೆಗಳ ಬಗ್ಗೆ ಬಾಯಿ ಬಿಡದೇ ಇದ್ದಿದ್ದರೆ ಅವರೂ ಕ್ಷೇಮ, ಶಾಲೆಯೂ ಕ್ಷೇಮ. ಆದರೆ ಮೀಟಿಂಗಿನಲ್ಲಿ ಸುಮ್ಮನೆ ಕೂರುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

ಅವತ್ತಿನ ಮೀಟಿಂಗಿನ ವಿಷಯ, ಮಕ್ಕಳು ಮನೆಯಿಂದ ತರುವ ಔಷಧಿ. ಮಧ್ಯಾಹ್ನ ಕುಡಿಸಿ ಎಂದು ತಾಯಂದಿರು ಕೊಟ್ಟುಹೋದ ಬಾಟ್ಲಿಗಳನ್ನು ಒಬ್ಬ ಟೀಚರು ವ್ಯಾನಿಟಿ ಬ್ಯಾಗಿನಲ್ಲಿಡುತ್ತಿದ್ದರು, ಇನ್ನೊಬ್ಬರು ಸೀಮೆಸುಣ್ಣದ ಡ್ರಾಯರಿನಲ್ಲಿ. ಹಿಂದಿನ ವಾರ ಒಂದು ಸಿರಪ್ ಬಾಟ್ಲಿ ಉರುಳಿ ಪರೀಕ್ಷೆಯ ಪೇಪರುಗಳ ಮೇಲೆ ಚೆಲ್ಲಿತ್ತು. ಬೆಳಗಾಗುವಷ್ಟರಲ್ಲಿ ಇಡೀ ಮೂರನೇ ಕ್ಲಾಸಿನ ವಿದ್ಯೆಗೆ ಇರುವೆ ಮುತ್ತಿತ್ತು.

"ಇನ್ಮೇಲೆ ಎಲ್ಲ ಔಷಧಿ ಒಂದೇ ಬೀರುವಿನಲ್ಲಿ. ಬೀಗದ ಕೈ ಒಬ್ಬರ ಹತ್ರ. ಯಾರು ತಗೋತೀರಾ?" ಎಂದರು ಹೆಡ್‌ಮಿಸ್ಸು.

ಎಲ್ಲರೂ ನೆಲ ನೋಡತೊಡಗಿದರು. ವಿಜ್ಞಾನದ ಟೀಚರಿಗೆ ಪ್ರಾಕ್ಟಿಕಲ್ ಇತ್ತು. ಪಿ.ಟಿ. ಮೇಷ್ಟ್ರು ಸದಾ ಮೈದಾನದಲ್ಲಿರುವವರು. ಲೆಕ್ಕದ ಟೀಚರಿಗೆ ಸಿರಪ್ಪಿನ ವಾಸನೆಯೇ ಆಗಿಬರುವುದಿಲ್ಲವಂತೆ, ಈ ವಿಷಯ ಅವರಿಗೂ ಅದೇ ಕ್ಷಣ ಗೊತ್ತಾದ ಹಾಗೆ ಕಾಣಿಸಿತು. ಆಗ ಯಾರೂ ಏನೂ ಕೇಳದಿದ್ದ ಡ್ರಾಯಿಂಗ್ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಹಾಗೆ ನೋಡಿದ್ರೆ, ನಾವು ಚಿತ್ರಕಲೆ ಕಲಿಯೋವಾಗ ಅನಾಟಮಿ ಓದಿದ್ವಿ ಮೇಡಂ. ಮನುಷ್ಯನ ಮೈಯಲ್ಲಿರೋ ಒಂದೊಂದು ಮೂಳೆನೂ ನಾನು ಈ ಕೈಯಲ್ಲಿ ಬರೆದಿದ್ದೀನಿ."

ನಾಲ್ಕು ಜನ ಬೆರಗಾಗಿ ನೋಡಲಿ ಎಂಬುದಷ್ಟೇ ಅವರ ಆಸೆ. ಎತ್ತಿ ತೋರಿಸಿದ ಅದೇ ಕೈಗೆ ಹೆಡ್‌ಮಿಸ್ಸು ಬೀಗದ ಕೈ ಇಟ್ಟರು. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯಲ್ಲಿ ತಪ್ಪಿಸಿಕೊಂಡವರ ಸಂತೋಷವೇ ಹೆಚ್ಚಾಗಿತ್ತು, ಮೇಷ್ಟ್ರಿಗೆ ಅದು ತಿಳಿಯಲಿಲ್ಲ. ಸಂಜೆಯೊಳಗೆ ಅವರಿಗೆ 'ಡಾಕ್ಟ್ರು' ಎಂಬ ಅಡ್ಡಹೆಸರು ಅಂಟಿತು. ಅವರು ಬೇಡ ಬೇಡ ಎನ್ನುತ್ತಲೇ ಉಬ್ಬಿಹೋದರು.

ಮನೆಯಲ್ಲಿ ಹೆಂಡತಿ ಸುದ್ದಿ ಕೇಳಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು.

"ದಿನಾ ನಿಮ್ಮ ಬಿ.ಪಿ. ಮಾತ್ರೆ ನಿಮ್ಮ ಬಾಯಿಗೆ ಹಾಕೋಳು ನಾನು. ನೀವು ಊರವರ ಮಕ್ಕಳಿಗೆ ಔಷಧಿ ಕುಡಿಸ್ತೀರಾ?"

"ಅದು ಬೇರೆ, ಇದು ಬೇರೆ. ಇದು ಜವಾಬ್ದಾರಿ," ಎಂದು ಮೇಷ್ಟ್ರು ಶಾಲೆಯಿಂದ ಹೊತ್ತು ತಂದಿದ್ದ ಬಾಟ್ಲಿಗಳನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು. ನೋಡುವುದಕ್ಕೇ ಬೇಸರವಾಗುವಂತಿದ್ದವು. ಕಂಪನಿಯ ಚೀಟಿಯ ಮೇಲೆ ಮಗುವಿನ ಹೆಸರನ್ನು ಬಾಲ್‌ಪೆನ್ನಿನಲ್ಲಿ ಗೀಚಿದ್ದರು. ಸಿರಪ್ ಇಳಿದು ಕೆಲವು ಹೆಸರುಗಳ ಅರ್ಧ ಅಳಿಸಿಹೋಗಿತ್ತು. ಅದನ್ನು ನೋಡುತ್ತ ಮೇಷ್ಟ್ರ ತಲೆಯಲ್ಲಿ ಒಂದು ಯೋಚನೆ ಹುಟ್ಟಿತು. ಅವರ ಯೋಚನೆಗಳೆಲ್ಲ ಕೊನೆಗೆ ಒಂದೇ ಕಡೆ ಹೋಗಿ ನಿಲ್ಲುತ್ತಿದ್ದವು, ಈ ಯೋಚನೆಯೂ ಅಲ್ಲಿಗೇ ಹೋಯಿತು.

"ಹೆಸರು ಅಳಿಸಿಹೋಗತ್ತೆ. ಮುಖ ಮರೆಯತ್ತಾ? ಬಾಟ್ಲಿ ಮೇಲೆ ಮಗೂದೇ ಚಿತ್ರ ಇದ್ದುಬಿಟ್ರೆ?"

ಹೆಂಡತಿಯ ಎದೆ ಹೊಡೆದುಕೊಂಡಿತು. ಮೇಷ್ಟ್ರು ಮರ ಬರೆದರೆ ಮರ, ಲೋಟ ಬರೆದರೆ ಲೋಟ, ಅದರಲ್ಲಿ ಎರಡು ಮಾತಿಲ್ಲ. ಮನುಷ್ಯರ ಮುಖ ಮಾತ್ರ ಅವರ ಕೈಗೆ ಒಲಿದಿರಲಿಲ್ಲ, ಮತ್ತು ಅವರು ಪ್ರಾಣ ಬಿಡುತ್ತಿದ್ದದ್ದು ಮುಖಗಳ ಮೇಲೆಯೇ. ಒಮ್ಮೆ ಅತ್ತೆಯವರ ಚಿತ್ರ ಬರೆದು ಕೊಟ್ಟಿದ್ದರು. ಆ ತಾಯಿ ಅದನ್ನು ತುಂಬ ಹೊತ್ತು ನೋಡಿ, ಮಗಳನ್ನು ಪಕ್ಕಕ್ಕೆ ಕರೆದು, "ನನಗೇನೋ ದೊಡ್ಡ ಕಾಯಿಲೆ ಇದೆ, ನೀವಿಬ್ರೂ ಮುಚ್ಚಿಡ್ತಿದ್ದೀರಿ ಅಲ್ವಾ?" ಎಂದು ಕೇಳಿದ್ದರು.

"ಮೇಲೆ ಚಿತ್ರ ಅಂಟಿಸಿದ್ರೆ ಕೆಳಗಿರೋ ಚೀಟಿ ಮುಚ್ಚಿಹೋಗಲ್ವೇನ್ರಿ?" ಎಂದರು ಹೆಂಡತಿ.

"ಅದರಲ್ಲಿ ಏನಿದೆ? ಬರೀ ಅಕ್ಷರ."

ತೆಳು ಹಾಳೆಯ ಮೇಲೆ ಒಂದೊಂದೇ ಮುಖ ಬರೆದು, ಅಂಟು ಹಚ್ಚಿ, ಸಿರಪ್ ಇಳಿದರೂ ಕೆಡಬಾರದೆಂದು ಮೇಲೆ ವಾರ್ನಿಷ್ ಬಳಿದರು. ಕನ್ನಡಕದ ಹುಡುಗನಿಗೆ ಕನ್ನಡಕ, ಎರಡು ಜಡೆಯ ಹುಡುಗಿಗೆ ಎರಡು ಜಡೆ, ಯಾವ ತಕರಾರೂ ಇಲ್ಲ. ತಕರಾರು ಇದ್ದದ್ದು ಇನ್ನಿಬ್ಬರ ಹತ್ತಿರ. ಒಬ್ಬ, ಕೆಮ್ಮಿನ ಔಷಧಿ ಕುಡಿಯುವ ಗುಂಡ. ಇನ್ನೊಬ್ಬಳು, ಫಿಟ್ಸ್ ಬರಬಾರದೆಂದು ದಿನಾ ತಪ್ಪದೆ ಔಷಧಿ ಕುಡಿಯಲೇಬೇಕಾದ ಚಿಟ್ಟೆ. ಇಬ್ಬರಿಗೂ ದುಂಡು ಮುಖ, ಇಬ್ಬರಿಗೂ ಮೋಟಾಗಿ ಕತ್ತರಿಸಿದ ಗುಂಗುರು ಕೂದಲು. ಬಾಟ್ಲಿಗಳು ಕೂಡ ಒಂದೇ ಅಳತೆ, ಒಂದೇ ಕಂದು ಬಣ್ಣ. ಮೇಷ್ಟ್ರು ಇಬ್ಬರನ್ನೂ ನೆನಪಿನಿಂದಲೇ ಬರೆದರು. ಬರೆಯುವಾಗ ಇಬ್ಬರೂ ಕಣ್ಣೆದುರಿಗೇ ಬಂದು ಕೂತಂತಿತ್ತು ಎಂದು ಅವರು ಆಮೇಲೆ ಹೇಳಿದರು. ಬಹುಶಃ ಒಟ್ಟಿಗೇ ಬಂದು ಕೂತಿರಬೇಕು.

ಮರುದಿನ ಶುಕ್ರವಾರ. ಮಧ್ಯಾಹ್ನದ ಗಂಟೆ ಹೊಡೆಯುತ್ತಲೇ ಮೇಷ್ಟ್ರು ಆಫೀಸ್ ರೂಮಿನ ಬೀರು ತೆಗೆದು, ಚಮಚ ತೊಳೆದು ಸಜ್ಜಾದರು. ಮೊದಲು ಗುಂಡ ಓಡಿ ಬಂದು ಬಾಯಿ ತೆರೆದ. ಮೇಷ್ಟ್ರು ಗತ್ತಿನಿಂದ ಒಂದು ಬಾಟ್ಲಿ ಎತ್ತಿಕೊಂಡು, ಚಿತ್ರ ನೋಡಿ, ಹುಡುಗನನ್ನು ನೋಡಿ, ಒಂದು ಚಮಚ ಕುಡಿಸಿದರು. ಗುಂಡ ಮುಖ ಕಿವುಚಿ ಓಡಿಹೋದ.

ಅವನ ಹಿಂದೆಯೇ ಚಿಟ್ಟೆ ಬಂದಳು. ಮೇಷ್ಟ್ರು ಇನ್ನೊಂದು ಬಾಟ್ಲಿ ತೆಗೆದುಕೊಂಡರು. ಅದರ ಮೇಲಿದ್ದ ಮುಖ ಚಿಟ್ಟೆಯ ಹಾಗಿರಲಿಲ್ಲ. ಸ್ವಲ್ಪ ಗುಂಡನ ಹಾಗಿತ್ತು. ಮೊದಲಿನ ಬಾಟ್ಲಿ ಎತ್ತಿ ನೋಡಿದರು, ಅದೂ ಸ್ವಲ್ಪ ಗುಂಡನ ಹಾಗೇ ಇತ್ತು. ತಿರುಗಿಸಿ ಬೆಳಕಿಗೆ ಹಿಡಿದರು, ಈಗ ಎರಡೂ ಚಿಟ್ಟೆಯಂತೆ ಕಂಡವು.

"ಪುಟ್ಟಾ, ನಿನ್ನ ಔಷಧಿ ಯಾವ ಬಣ್ಣಮ್ಮ?"

"ಪಿಂಕು ಸಾರ್."

ಎರಡನ್ನೂ ಚಮಚಕ್ಕೆ ಸುರಿದು ನೋಡಿದರು. ಎರಡೂ ಪಿಂಕು.

"ರುಚಿ ಹೇಗಿರತ್ತೆ?"

"ಥೂ ಅನ್ನೋ ಹಾಗಿರತ್ತೆ."

ಮೇಷ್ಟ್ರು ಹಿಂದೆಮುಂದೆ ನೋಡದೆ ಎರಡರಿಂದಲೂ ಒಂದೊಂದು ಹನಿ ನಾಲಗೆಗೆ ಬಿಟ್ಟುಕೊಂಡರು. ಎರಡೂ ಥೂ ಅನ್ನೋ ಹಾಗೇ ಇದ್ದವು. ಗುಂಡನ ಹೊಟ್ಟೆಗೆ ಹೋದದ್ದು ಕೆಮ್ಮಿನದೋ ಫಿಟ್ಸಿನದೋ ಗೊತ್ತಿಲ್ಲ. ಎದುರಿಗೆ ಬಾಯಿ ತೆರೆದು ನಿಂತಿರುವ ಮಗುವಿಗೆ ಕುಡಿಸಿದರೂ ಕಷ್ಟ, ಕುಡಿಸದಿದ್ದರೂ ಕಷ್ಟ. ಮೇಷ್ಟ್ರು ಬೀರುವಿಗೆ ಒರಗಿ ನಿಂತು, "ಬಾಯಿ ಮುಚ್ಚಮ್ಮ, ನೊಣ ಹೋದೀತು," ಎಂದಷ್ಟೇ ಹೇಳಿದರು.

ಸುದ್ದಿ ಕೇಳಿ ಹೆಡ್‌ಮಿಸ್ಸು ಕುರ್ಚಿಯಿಂದ ಎದ್ದವರು ಮತ್ತೆ ಕೂರಲಿಲ್ಲ. "ಚೀಟಿ ಕೀಳ್ರಿ ಮೇಷ್ಟ್ರೇ!" ಎಂದರು. ವಿಜ್ಞಾನದ ಟೀಚರು ನೀರು ತಂದು ಉಜ್ಜಿದರು, ವಾರ್ನಿಷ್ ಜಗ್ಗಲಿಲ್ಲ. ಬ್ಲೇಡಿನಿಂದ ಅಂಚು ಕೆರೆಯಲು ಹೋದರೆ ಕೆಳಗಿನ ಚೀಟಿಯೂ ಪುಡಿಪುಡಿಯಾಗಿ ಬರತೊಡಗಿತು, ಅಲ್ಲಿಗೆ ಕೈಬಿಟ್ಟರು. ಎರಡೂ ಮನೆಗೆ ಫೋನ್ ಹೋಯಿತು.

ಗುಂಡನನ್ನು ಕರೆತರಲು ಮೇಷ್ಟ್ರೇ ಓಡಿದರು. ಕ್ಲಾಸಿನ ಬಾಗಿಲಲ್ಲಿ ನಿಂತು ನೋಡಿದವರ ಜೀವ ಬಾಯಿಗೆ ಬಂತು. ಗುಂಡ ಡೆಸ್ಕಿನ ಮೇಲೆ ತಲೆಯಿಟ್ಟು ಗಾಢ ನಿದ್ದೆಯಲ್ಲಿದ್ದ.

"ಅಯ್ಯೋ! ಮಲಗಿಬಿಟ್ಟಿದ್ದಾನೆ! ಔಷಧಿ ಏರಿಬಿಟ್ಟಿದೆ!"

"ಅವನು ದಿನಾ ಊಟ ಆದ್ಮೇಲೆ ನನ್ನ ಕ್ಲಾಸಲ್ಲಿ ಮಲಗ್ತಾನೆ," ಎಂದರು ಲೆಕ್ಕದ ಟೀಚರು ಕೊಂಚ ಅವಮಾನದಿಂದ.

ಹೀಗಾಗಿ ಗುಂಡನ ನಿದ್ದೆ ಔಷಧಿಯದೋ ಲೆಕ್ಕದ್ದೋ ತೀರ್ಮಾನವಾಗಲಿಲ್ಲ. ಮೇಷ್ಟ್ರು ಅವನನ್ನು ಹೆಗಲಿಗೆ ಹಾಕಿಕೊಂಡು ಬಂದು ಆಫೀಸಿನ ಬೆಂಚಿನ ಮೇಲೆ ಮಲಗಿಸಿ, ಅವನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತ ಕೂತರು. ಉಸಿರು ಬರುತ್ತಿತ್ತು. ಬಂದದ್ದು ಇನ್ನೊಮ್ಮೆ ಬರುತ್ತದೋ ಇಲ್ಲವೋ ಎಂದು ಬೆರಳು ತೆಗೆಯಲೇ ಇಲ್ಲ. ಒಂದು ಸಲ ಗುಂಡ ನಿದ್ದೆಯಲ್ಲೇ ಸೀನಿದಾಗ ಮೇಷ್ಟ್ರು ಬೆಂಚಿನಿಂದ ಕೆಳಗೆ ಬಿದ್ದರು.

ಮೊದಲು ಬಂದದ್ದು ಚಿಟ್ಟೆಯ ತಾತ. ಅವರು ಬಸ್ಸಿನಲ್ಲಿ ಕಂಡಕ್ಟರಾಗಿದ್ದು ರಿಟೈರ್ ಆದವರು. "ದಾರಿ ಬಿಡಿ, ದಾರಿ ಬಿಡಿ, ಮುಂದೆ ಹೋಗಿ ನಿಂತ್ಕೊಳ್ಳಿ!" ಎನ್ನುತ್ತ ಬಾಗಿಲಲ್ಲಿ ಗುಂಪುಗೂಡಿದ್ದ ಮಕ್ಕಳನ್ನು ಸರಿಸಿ ಒಳಗೆ ಬಂದರು. ಮನೆಯಲ್ಲಿದ್ದ ಇನ್ನೊಂದು ಬಾಟ್ಲಿ ತಂದಿದ್ದರು. ಯಾರ ಮಾತಿಗೂ ಕಾಯದೆ ಮೊಮ್ಮಗಳಿಗೆ ಒಂದು ಚಮಚ ಕುಡಿಸಿ, ಅವಳ ಬಾಯಿ ಒರೆಸಿ, ಆಮೇಲೆ ಈ ಕಡೆ ತಿರುಗಿದರು. ಮೇಷ್ಟ್ರ ಅರ್ಧ ಪ್ರಾಣ ಮರಳಿ ಬಂತು. ಇನ್ನರ್ಧ ಬೆಂಚಿನ ಮೇಲೆ ಮಲಗಿತ್ತು.

ತಾತನ ಬಾಟ್ಲಿಯ ಔಷಧಿಗೆ ಹೋಲಿಸಿ ನೋಡಿದರು. ಅದೂ ಪಿಂಕು, ವಾಸನೆಯೂ ಒಂದೇ. ಲೆಕ್ಕದ ಟೀಚರು ಮೂಸಿ ನೋಡಿದರು, ಅವರಿಗೆ ಆ ವಾಸನೆ ಏನೂ ಮಾಡಲಿಲ್ಲ.

ಅಷ್ಟರಲ್ಲಿ ಗುಂಡನ ಅಮ್ಮ ಬಂದರು. ಟೈಲರ್ ಅಂಗಡಿಯಿಂದ ಹಾಗೇ ಓಡಿ ಬಂದಿದ್ದರು, ಅಳತೆ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. "ಏನಾಯ್ತು ನನ್ನ ಮಗೂಗೆ?" ಎಂದು ಮಗನ ಹಣೆ, ಕೆನ್ನೆ, ಹೊಟ್ಟೆ ಮುಟ್ಟಿ ನೋಡಿದರು. ಗುಂಡ ಕಣ್ಣು ತೆರೆದು, "ಲೆಕ್ಕ ಮುಗೀತಾ?" ಎಂದು ಕೇಳಿ ಮತ್ತೆ ಮುಚ್ಚಿದ.

ಹೆಡ್‌ಮಿಸ್ಸು ಮೆಲ್ಲಗೆ ಬಾಟ್ಲಿಯನ್ನು ಮುಂದಿಟ್ಟರು. "ಗಾಬರಿ ಆಗ್ಬೇಡಿ. ಇವನು ಕುಡಿದದ್ದು ಈ ಬಾಟ್ಲೀದು. ಇದರ ಮೇಲೆ ಮಗೂದೇ ಚಿತ್ರ ಇದೆ. ಯಾರ ಚಿತ್ರ ಅಂತ ನೀವಿಬ್ರೂ ಸ್ವಲ್ಪ ನೋಡಿ ಹೇಳಿಬಿಡಿ."

ಗುಂಡನ ಅಮ್ಮ ನೋಡಿದರು. ಒಂದು ಕಣ್ಣು ಬಾಗಿಲ ಕಡೆ, ಒಂದು ಕಣ್ಣು ಕಿಟಕಿ ಕಡೆ ನೋಡುತ್ತಿದ್ದ ಮುಖ. ತುಟಿ ದಪ್ಪ. ಗಲ್ಲದ ಕೆಳಗೆ ನೆರಳು ಎಂದು ಮೇಷ್ಟ್ರು ಹಾಕಿದ್ದ ಗೆರೆಗಳು ಎರಡು ವಾರದ ಗಡ್ಡದ ಹಾಗಿದ್ದವು.

"ಇದು ನನ್ನ ಮಗನಾ? ಜೇಬು ಕತ್ತರಿಸಿ ಸಿಕ್ಕಿಬಿದ್ದವನ ಥರ ಇದ್ದಾನಲ್ರೀ! ನನ್ನ ಮಗ ಅಲ್ಲವೇ ಅಲ್ಲ ಇದು. ಇವರ ಮನೆ ಹುಡುಗಿ ಇರ್ಬೇಕು."

"ಏನಮ್ಮ, ಬಾಯಿಗೆ ಬಂದ ಹಾಗೆ ಮಾತಾಡ್ತೀರಾ?" ತಾತ ಕನ್ನಡಕ ಏರಿಸಿದರು. "ನನ್ನ ಮೊಮ್ಮಗಳಿಗೆ ಗಡ್ಡ ಯಾವಾಗ ಬಂತು? ನಲವತ್ತು ವರ್ಷ ಬಸ್ಸಲ್ಲಿ ಜನರ ಮುಖ ನೋಡಿದ್ದೀನಿ. ಇಂಥ ಮುಖ ಟಿಕೆಟ್ ತಗೊಳ್ದೆ ಇಳಿಯೋ ಮುಖ. ಇದು ನಿಮ್ಮ ಹುಡುಗಾನೇ."

"ನಿಮ್ಮ ಹುಡುಗಿ!"

"ನಿಮ್ಮ ಹುಡುಗ!"

ಚಿಟ್ಟೆ ಇಬ್ಬರ ನಡುವೆ ತಲೆ ತೂರಿಸಿ ನೋಡಿದಳು. "ಇದು ಹೆಡ್‌ಮಿಸ್ಸು," ಎಂದಳು.

ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹೆಡ್‌ಮಿಸ್ಸು ಬಾಟ್ಲಿಯನ್ನು ಸರಕ್ಕನೆ ಎಳೆದುಕೊಂಡು, "ಜಗಳ ಆಮೇಲೆ ಆಡೋಣ," ಎಂದರು. "ವಿಷಯ ಸರಳ. ಚಿತ್ರ ಗುಂಡಂದಾದ್ರೆ ಅವನು ಕುಡಿದದ್ದು ಅವನ ಕೆಮ್ಮಿನ ಔಷಧೀನೇ, ಏನೂ ತೊಂದ್ರೆ ಇಲ್ಲ. ಚಿಟ್ಟೇದಾದ್ರೆ ಮಾತ್ರ ಅವನ ಹೊಟ್ಟೆಗೆ ಫಿಟ್ಸಿನ ಔಷಧಿ ಹೋಗಿದೆ."

ಗುಂಡನ ಅಮ್ಮನ ಮುಖದ ಬಣ್ಣ ಇಳಿಯಿತು. ಬಾಟ್ಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಬೆಳಕಿಗೆ ಹಿಡಿದರು, ಓರೆ ಮಾಡಿ ನೋಡಿದರು.

"ಇವನೇ," ಎಂದರು. "ನನ್ನ ಮಗಾನೇ ಇದು. ಈ ತುಟಿ ನೋಡಿ, ಅವರಪ್ಪಂದೇ. ಕಣ್ಣೂ ಹಾಗೇ, ನಿದ್ದೆ ಬಂದಾಗ ಹೀಗೇ ಮಾಡ್ತಾನೆ. ಅಲ್ವಾ? ನೀವೆಲ್ಲ ನೋಡಿ ಹೇಳಿ, ಇವನೇ ಅಲ್ವಾ?"

ಇಂಥ ದನಿಯಲ್ಲಿ ಕೇಳಿದರೆ ಯಾರು ತಾನೇ ಅಲ್ಲ ಅನ್ನುತ್ತಾರೆ? ತಾತ ಮೆತ್ತಗಾಗಿ, "ಹೌದಮ್ಮ, ಈಗ ನೋಡಿದ್ರೆ ಅವನ ಹಾಗೇ ಇದೆ," ಎಂದರು. ವಿಜ್ಞಾನದ ಟೀಚರು ಕಿವಿ ಸರಿಯಾಗಿ ಬಂದಿದೆ ಎಂದರು. ಹೆಡ್‌ಮಿಸ್ಸಿಗಂತೂ ಹೋದ ಜೀವ ಬಂದಂತಾಯಿತು. ಇದು ಸ್ಕೂಲ್ ಇನ್‌ಸ್ಪೆಕ್ಟರವರೆಗೆ ಹೋದರೆ ಗತಿಯೇನು ಎಂದು ಅವರು ಆಗಿನಿಂದ ಒಳಗೊಳಗೇ ಬೇಯುತ್ತಿದ್ದರು.

"ಹೆತ್ತ ತಾಯೀನೇ ಗುರುತು ಹಿಡಿದ ಮೇಲೆ ಇನ್ನೇನಿದೆ? ತದ್ರೂಪ ಬರೆದಿದ್ದೀರಿ ಮೇಷ್ಟ್ರೇ! ಹೌದು ಅಂತ ನೀವೂ ಒಂದು ಮಾತು ಹೇಳಿಬಿಡಿ. ನಾಳೆ ನಾಡಿದ್ದು ರಜ, ಅಮ್ಮ ಬಾಟ್ಲಿ ಮನೆಗೆ ತಗೊಂಡು ಹೋಗ್ಲಿ, ಹೊತ್ತುಹೊತ್ತಿಗೆ ಕುಡಿಸ್ಲಿ. ಮುಗೀತು."

ತದ್ರೂಪ! ಹರೆಯದಿಂದ ಇವತ್ತಿನವರೆಗೆ ಮೇಷ್ಟ್ರು ಕಾದು ಕೂತಿದ್ದದ್ದು ಈ ಒಂದು ಮಾತಿಗೆ. ಹೆಂಡತಿ ಹೇಳಿರಲಿಲ್ಲ, ಅತ್ತೆ ಹೇಳಿರಲಿಲ್ಲ, ಚಿತ್ರ ಬರೆಸಿಕೊಂಡ ಒಬ್ಬನೇ ಒಬ್ಬ ಪ್ರಾಣಿಯೂ ಹೇಳಿರಲಿಲ್ಲ. ಈಗ ಇಡೀ ಆಫೀಸ್ ರೂಮು ಒಕ್ಕೊರಲಿನಿಂದ ಹೇಳುತ್ತಿದೆ. ಮೇಷ್ಟ್ರು ಹೌದೆಂದು ತಲೆ ಆಡಿಸಿದರೆ ಸಾಕು, ಹೊಗಳಿಕೆಯೂ ದಕ್ಕುತ್ತದೆ, ಕೆಲಸವೂ ಉಳಿಯುತ್ತದೆ. ಅವರು ಬಾಟ್ಲಿ ನೋಡಿದರು, ಬೆಂಚಿನ ಮೇಲಿದ್ದ ಹುಡುಗನನ್ನು ನೋಡಿದರು. ಹುಡುಗ ಬಾಯಿ ತೆರೆದುಕೊಂಡು, ಒಂದು ಕೈ ಕೆಳಗೆ ಜೋತುಬಿಟ್ಟು, ನಂಬಿಕೆಯಿಂದ ನಿದ್ದೆ ಮಾಡುತ್ತಿದ್ದ. ಮೇಷ್ಟ್ರು ಬೆಂಚಿನ ಪಕ್ಕಕ್ಕೆ ಹೋಗಿ ಆ ಕೈಯನ್ನು ಎತ್ತಿ ಅವನ ಎದೆಯ ಮೇಲಿಟ್ಟರು.

"ಹೋಲೋದಿಲ್ಲ," ಎಂದರು.

"ಏನಂದ್ರಿ?"

"ಹೋಲೋದಿಲ್ಲ ಮೇಡಂ. ಇವನ ಥರಾನೂ ಇಲ್ಲ, ಅವಳ ಥರಾನೂ ಇಲ್ಲ. ಮುಖ ಬರೆಯೋಕೆ ನನಗೆ ಬರೋದಿಲ್ಲ." ಮೇಷ್ಟ್ರು ಗುಂಡನ ಅಮ್ಮನ ಕಡೆ ತಿರುಗಿದರು. "ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಚಿತ್ರ ನಂಬಬೇಡಿ. ಏಳಿ, ಮೊದಲು ಡಾಕ್ಟರ ಹತ್ರ ಹೋಗೋಣ."

ಯಾರೂ ಏಳುವ ಮೊದಲೇ ಅವರು ಗುಂಡನನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ದಾಟಿದ್ದರು. ಹಿಂದೆ ಟೇಪು ಹಾರಿಸಿಕೊಂಡು ಅಮ್ಮ, ಅವರ ಹಿಂದೆ ಎರಡೂ ಬಾಟ್ಲಿ ಹಿಡಿದ ಹೆಡ್‌ಮಿಸ್ಸು, ಅವರ ಹಿಂದೆ ಮೊಮ್ಮಗಳ ಕೈ ಹಿಡಿದ ತಾತ. "ದಾರಿ ಬಿಡಿ, ದಾರಿ ಬಿಡಿ!" ಎಂದು ತಾತ ಕೂಗುತ್ತಿದ್ದರಿಂದ ರಸ್ತೆಯ ಜನ ನಿಂತು ನೋಡಿದರು. ಒಬ್ಬ ಸೈಕಲ್ ಅಂಗಡಿಯವನು ವಿಷಯ ಏನೆಂದು ತಿಳಿಯದೆಯೇ, ಶವಯಾತ್ರೆಯಿರಬೇಕು ಎಂದುಕೊಂಡು ಟೋಪಿ ತೆಗೆದ. ಅದನ್ನು ಕಂಡು ಮೇಷ್ಟ್ರು ಇನ್ನೂ ಜೋರಾಗಿ ಓಡಿದರು.

ಡಾಕ್ಟರು ಹುಡುಗನ ಕಣ್ಣು ಬಿಡಿಸಿ ನೋಡಿದರು, ಎದೆಬಡಿತ ಕೇಳಿದರು. ಆಮೇಲೆ ಬಾಟ್ಲಿ ಕೇಳಿದರು. ಕೈಗೆ ಬಂದ ಬಾಟ್ಲಿಯನ್ನು ನೋಡಿ ಸ್ವಲ್ಪ ಹಿಂದೆ ಸರಿದರು. "ಯಾರಿದು?"

"ಯಾರೂ ಅಲ್ಲ ಡಾಕ್ಟ್ರೇ," ಎಂದರು ಮೇಷ್ಟ್ರು. "ಅಳಿಸಿಬಿಡಿ."

ನರ್ಸಮ್ಮ ಹತ್ತಿಗೆ ಸ್ಪಿರಿಟ್ ಸುರಿದು ಚಿತ್ರದ ಮೇಲೆ ಉಜ್ಜಿದರು. ನೀರಿಗೆ ಬಗ್ಗದ ವಾರ್ನಿಷ್ ಸ್ಪಿರಿಟ್ಟಿಗೆ ಬಗ್ಗಿತು. ಮೊದಲು ಗಡ್ಡ ಹೋಯಿತು, ಆಮೇಲೆ ತುಟಿ. ಒಂದು ಕಣ್ಣು ಸ್ವಲ್ಪ ಹೊತ್ತು ಹಟ ಮಾಡಿತು. "ಜೋರಾಗಿ ಉಜ್ಜಿ ಸಿಸ್ಟರ್, ಇನ್ನೂ ಜೋರಾಗಿ," ಎಂದು ಮೇಷ್ಟ್ರು ತಾವೇ ಬಗ್ಗಿ ನಿಂತು ಹೇಳುತ್ತಿದ್ದರು. ತೆಳು ಹಾಳೆ ನೆನೆದು, ಅದರಡಿಯಿಂದ ಕಂಪನಿಯ ಅಚ್ಚಿನ ಅಕ್ಷರಗಳು ಮಂಜಿನಿಂದ ಹೊರಗೆ ಬಂದಂತೆ ಕಾಣಿಸಿದವು. ಡಾಕ್ಟರು ಓದಿದರು.

"ಫಿಟ್ಸಿನ ಔಷಧಿ."

ಗುಂಡನ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಮೇಷ್ಟ್ರು ಗೋಡೆ ಹಿಡಿದುಕೊಂಡರು.

"ಎಷ್ಟು ಕೊಟ್ರಿ?"

"ಒಂದೇ ಚಮಚ. ಒಂದೇ."

"ಹಾಗಾದ್ರೆ ಹೆದರ್ಬೇಡಿ. ನಿದ್ದೆ ಜಾಸ್ತಿ ಬರತ್ತೆ, ಅಷ್ಟೇ. ಸಂಜೆವರೆಗೆ ಇಲ್ಲೇ ಇರ್ಲಿ, ನಾನು ನೋಡ್ಕೋತೀನಿ." ಡಾಕ್ಟರು ಬಾಟ್ಲಿಯನ್ನು ತಿರುಗಿಸಿದರು. "ಕರ್ಕೊಂಡು ಬಂದದ್ದು ಒಳ್ಳೇದಾಯ್ತು. ಇದೇ ಬಾಟ್ಲಿ ಮನೆಗೆ ಹೋಗಿ, ಎರಡು ದಿನ ಕೆಮ್ಮಿನದು ಅಂತ ಕುಡಿಸಿದ್ರೆ ಮಾತ್ರ ಕಷ್ಟ ಆಗ್ತಿತ್ತು. ಆ ಹುಡುಗಿಗೆ ಶಾಲೇಲಿ ಕೆಮ್ಮಿನದು ಕೊಟ್ಕೊಂಡು ಕೂತಿದ್ರೆ ಅದಕ್ಕಿಂತ ಕಷ್ಟ."

ಹೆಡ್‌ಮಿಸ್ಸು ಕೊರಳಿನ ಬೆವರು ಒರೆಸಿಕೊಂಡು, ಬಾಗಿಲ ಹೊರಗೆ ಹೋಗಿ ನಿಂತರು. ತಾತ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಿಗಿಯಾಗಿ ಹಿಡಿದುಕೊಂಡರು, ಅವಳು ಉಸಿರು ಕಟ್ಟುತ್ತದೆ ಎಂದು ಕೊಸರಾಡಿದಳು.

ಗುಂಡನ ಅಮ್ಮ ಮೇಷ್ಟ್ರಿಗೆ ಬಾಯಿ ತುಂಬ ಬೈದರು. ಬೈಯುವುದಕ್ಕೆ ಬೇಕಾದದ್ದೆಲ್ಲ ಅವರ ಹತ್ತಿರ ಇತ್ತು, ಮೇಷ್ಟ್ರು ಒಂದನ್ನೂ ಬಿಡದೆ ತಲೆ ತಗ್ಗಿಸಿ ಕೇಳಿಸಿಕೊಂಡರು. ಬೈದು ಮುಗಿದ ಮೇಲೆ ಆಕೆ ಅವರ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು ಅತ್ತರು. ಮೇಷ್ಟ್ರೂ ಅತ್ತರು. ನರ್ಸಮ್ಮ ಇಬ್ಬರಿಗೂ ಹತ್ತಿ ಕೊಟ್ಟುಹೋದರು. ಸಂಜೆಯವರೆಗೆ ಮೇಷ್ಟ್ರು ಹುಡುಗನ ಕಾಲ ಹತ್ತಿರದಿಂದ ಏಳಲಿಲ್ಲ, ಅವನ ಎದೆ ಏರುವುದನ್ನು, ಇಳಿಯುವುದನ್ನು ನೋಡುತ್ತ ಕೂತರು.

ಬಿಸಿಲು ಇಳಿಯುವ ಹೊತ್ತಿಗೆ ಗುಂಡ ಎದ್ದು ಕೂತ. ಸುತ್ತ ನಿಂತಿದ್ದವರನ್ನೆಲ್ಲ ಒಮ್ಮೆ ನೋಡಿದ. "ಅಮ್ಮಾ, ಹಸಿವು," ಎಂದ. ಆಮೇಲೆ ಕೆಮ್ಮಿದ. ಆ ಕೆಮ್ಮು ಕೇಳಿ ರೂಮಿನಲ್ಲಿದ್ದವರೆಲ್ಲ ಹಿಗ್ಗಿದರು.

ಡಾಕ್ಟರು ಕೆಮ್ಮಿಗೆ ಹೊಸ ಬಾಟ್ಲಿಯನ್ನೇ ಕೊಟ್ಟರು. ಅಮ್ಮ ಅದನ್ನೂ ಒಂದು ಪೆನ್ನನ್ನೂ ಮೇಷ್ಟ್ರ ಮುಂದೆ ಚಾಚಿದರು.

"ಸೋಮವಾರ ಶಾಲೆಗೆ ಕಳಿಸ್ಬೇಕಲ್ಲ. ಇವನ ಹೆಸರು ಬರೆದುಕೊಡಿ ಸಾರ್. ದೊಡ್ಡದಾಗಿ. ಚೀಟಿ ಮುಚ್ಚದ ಹಾಗೆ."

ಮೇಷ್ಟ್ರು ಮುಚ್ಚಳದ ಸುತ್ತ ನರ್ಸಮ್ಮ ಸುತ್ತಿಕೊಟ್ಟ ಬಿಳಿ ಪಟ್ಟಿಯ ಮೇಲೆ ಒಂದೊಂದೇ ಅಕ್ಷರ ಬರೆದರು, ಬರೆದದ್ದನ್ನು ಗಟ್ಟಿಯಾಗಿ ಓದಿ ತೋರಿಸಿದರು, ತಾತನ ಕೈಯಲ್ಲೂ ಒಮ್ಮೆ ಓದಿಸಿದರು. ಗುಂಡ ಬಾಟ್ಲಿ ಕಿತ್ತುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ಮುಖ ಸಪ್ಪಗೆ ಮಾಡಿದ.

"ಚಿತ್ರ ಎಲ್ಲಿ ಸಾರ್?"

"ಬೇಡ!" ಎಂದು ಅಮ್ಮ, ತಾತ, ಹೆಡ್‌ಮಿಸ್ಸು, ನರ್ಸಮ್ಮ ಒಟ್ಟಿಗೇ ಕೂಗಿಕೊಂಡರು. ಎಲ್ಲರಿಗಿಂತ ಜೋರಾಗಿ ಕೂಗಿದವರು ಮೇಷ್ಟ್ರೇ.